ಚಕ್ರ ಒಂದು ಸುತ್ತಿಗೆ ಪೆಟ್ಟು ನಾಲ್ಕು

ಕಾರ್ಕಳದ ಓದುಗರೊಬ್ಬರು ಸೊಗಸಾದ ಪ್ರಶ್ನೆ ಕಳಿಸಿದ್ದಾರೆ. ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗಳು ಅವರಿಗೆ ಮಾದರಿ ಉಗಿ ಎಂಜಿನ್ ಒಂದನ್ನು ತಂದುಕೊಟ್ಟಿದ್ದಾಳೆ. ಒಂದು ಗೇಣು ಉದ್ದದ್ದು. ಹಳಿಯ ಮೇಲಿಟ್ಟು ಗುಂಡಿ ಒತ್ತಿದರೆ ಬುಸುಗುಡುತ್ತದೆ, ಕೂಗುತ್ತದೆ, ಚುಕುಬುಕು ಎನ್ನುತ್ತ ಹೊರಡುತ್ತದೆ. ಆದರೂ ಚಿಕ್ಕಂದಿನಲ್ಲಿ ಬೀರೂರು ಜಂಕ್ಷನ್ನಿನಲ್ಲಿ ಕೇಳಿದ ಎಂಜಿನ್ನಿನ ಹಾಗೆ ಇದು ಕೇಳಿಸುತ್ತಿಲ್ಲವಂತೆ. ತನ್ನ ಕಿವಿಗೆ ವಯಸ್ಸಾಯಿತೋ, ಯಂತ್ರದಲ್ಲೇ ಏನಾದರೂ ಕೊರತೆಯೋ ಎಂದು ಕೇಳಿದ್ದಾರೆ.

ಸ್ವಾಮಿ, ನಿಮ್ಮ ಕಿವಿ ಸರಿಯಾಗಿಯೇ ಇದೆ. ನಮ್ಮ ಕಡೆ ಅಂಥ ಕಿವಿ ಇರುವವರೇ ಅಪರೂಪ. ಉಡುಪಿಗೆ ರೈಲು ಬಂದದ್ದೇ 1993ರಲ್ಲಿ, ಕೊಂಕಣ ರೈಲ್ವೆಯ ಮೂಲಕ. ಅದಾಗಿ ಎರಡು ವರ್ಷಕ್ಕೆ, 1995ರ ಡಿಸೆಂಬರಿನಲ್ಲಿ, ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲೆ ಉಗಿ ಎಂಜಿನ್ನಿನ ನಿತ್ಯಸಂಚಾರ ಮುಗಿದುಹೋಯಿತು. ಇಂದ್ರಾಳಿ ನಿಲ್ದಾಣದ ಆಸುಪಾಸಿನಲ್ಲಿ, ಮಣಿಪಾಲದ ಹಾಸ್ಟೆಲುಗಳಲ್ಲಿ ಮಲಗಿದವರು ಕೇಳಿದ್ದು ಡೀಸೆಲ್ ಎಂಜಿನ್ನಿನ ಗುಡುಗನ್ನು. 2022ರಲ್ಲಿ ವಿದ್ಯುದೀಕರಣ ಮುಗಿದ ಮೇಲೆ ಅದೂ ಕಡಿಮೆಯಾಗುತ್ತ ಬಂದಿದೆ. ಉಗಿ ಎಂಜಿನ್ ಕೇಳಬೇಕಾದರೆ ನಮ್ಮ ಹಿರಿಯರು 1907ರಲ್ಲೇ ರೈಲು ಕಂಡಿದ್ದ ಮಂಗಳೂರಿಗೆ ಹೋಗಬೇಕಿತ್ತು, ಇಲ್ಲವೇ ಘಟ್ಟ ಹತ್ತಿ ಬೀರೂರು, ಅರಸೀಕೆರೆ, ಹುಬ್ಬಳ್ಳಿಯ ಕಡೆಗೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಕಿತ್ತುಹಾಕೋಣ. ಆ ಚುಕುಬುಕು ಸದ್ದು ಬೆಂಕಿಯದು ಎಂದು ಕೆಲವರು ತಿಳಿದಿದ್ದಾರೆ, ಹಳಿಯ ಕೀಲುಗಳ ಮೇಲೆ ಚಕ್ರ ಹಾಯುವ ಸದ್ದೆಂದು ಇನ್ನು ಕೆಲವರು. ಎರಡೂ ಅಲ್ಲ. ಬಾಯ್ಲರಿನ ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ತಳ್ಳಿಯಾದ ಮೇಲೆ ವಾಲ್ವ್ ತೆರೆದುಕೊಂಡು, ಇನ್ನೂ ಒತ್ತಡ ಉಳಿದಿರುವ ಆ ಉಗಿ ಚಿಮಣಿಯ ಅಡಿಯ ಕೊಳವೆಯಿಂದ ಒಮ್ಮೆಲೇ ಹೊರಕ್ಕೆ ಚಿಮ್ಮುತ್ತದೆ. ಆ ಒಂದು ಚಿಮ್ಮುವಿಕೆಯೇ ಒಂದು ‘ಚುಕ್’.

ಇನ್ನು ಲೆಕ್ಕ ನೋಡಿ, ಎಷ್ಟು ಚೆಂದವಾಗಿದೆ! ಪಿಸ್ಟನ್ನನ್ನು ಉಗಿ ಮುಂದಿನಿಂದಲೂ ತಳ್ಳುತ್ತದೆ, ಹಿಂದಿನಿಂದಲೂ ತಳ್ಳುತ್ತದೆ. ಹಾಗಾಗಿ ಚಕ್ರ ಒಂದು ಸುತ್ತು ಬರುವಾಗ ಒಂದು ಸಿಲಿಂಡರಿನಿಂದ ಎರಡು ಪೆಟ್ಟು. ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್ ಇರುವುದರಿಂದ ಒಟ್ಟು ನಾಲ್ಕು. ಎರಡು ಬದಿಯ ಪೆಟ್ಟುಗಳು ಒಂದರ ಮೇಲೊಂದು ಬೀಳದೆ ಸಮನಾಗಿ ಹಂಚಿಹೋಗುವುದು ಏಕೆ ಎಂದು ತಿಳಿಯಬೇಕಾದರೆ ಮೈಸೂರಿನ ರೈಲು ಸಂಗ್ರಹಾಲಯಕ್ಕೆ ಹೋದಾಗ ಒಂದು ಉಗಿ ಎಂಜಿನ್ನಿಗೆ ಪ್ರದಕ್ಷಿಣೆ ಹಾಕಿ. ಈ ಬದಿಯಲ್ಲಿ ಚಕ್ರಕ್ಕೆ ಸಲಾಕೆ ಸೇರುವ ಕ್ರ್ಯಾಂಕ್ ಪಿನ್ ಮೇಲ್ತುದಿಯಲ್ಲಿದ್ದರೆ ಆ ಬದಿಯದು ಮೇಲೂ ಇರುವುದಿಲ್ಲ, ಕೆಳಗೂ ಇರುವುದಿಲ್ಲ, ನಡುಮಟ್ಟದಲ್ಲಿ ಇರುತ್ತದೆ. ಎರಡರ ನಡುವೆ ಕಾಲು ಸುತ್ತಿನ ಅಂತರ. ಒಂದು ಪಿಸ್ಟನ್ ತುದಿ ಮುಟ್ಟಿ ಬಲ ಕಳೆದುಕೊಂಡ ಗಳಿಗೆಯಲ್ಲಿ ಇನ್ನೊಂದು ಪೂರ್ತಿ ಬಲದಲ್ಲಿರಬೇಕೆಂದು ಹೀಗೆ ಮಾಡಿದ್ದಾರೆ, ಇಲ್ಲದಿದ್ದರೆ ಎಂಜಿನ್ ನಿಂತಲ್ಲಿಂದ ಕದಲದೆ ಹೋಗಬಹುದಿತ್ತು. ತಾಳವಂತೂ ನಮಗೆ ಪುಕ್ಕಟೆಯಾಗಿ ಬಂತು.

ಬೀರೂರಿನ ಮೀಟರ್‌ಗೇಜ್ ಹಳಿಯ ಮೇಲೆ ಓಡುತ್ತಿದ್ದ ‘ವೈಪಿ’ ಎಂಜಿನ್ನಿನ ಚಾಲಕ ಚಕ್ರಕ್ಕೆ 1.37 ಮೀಟರ್ ವ್ಯಾಸ. ಒಂದು ಸುತ್ತಿಗೆ ಸುಮಾರು 4.3 ಮೀಟರ್ ದಾರಿ ಸಾಗುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಎರಡೂವರೆ ಪೆಟ್ಟು, ಬೇಕಾದರೆ ಬೆರಳು ಮಡಚಿ ಎಣಿಸಬಹುದು. 40ಕ್ಕೆ ಏರಿದರೆ ಸೆಕೆಂಡಿಗೆ ಹತ್ತು. ಮೇಲ್ ಗಾಡಿ ಎಳೆಯುತ್ತಿದ್ದ ಬ್ರಾಡ್‌ಗೇಜಿನ ‘ಡಬ್ಲ್ಯುಪಿ’ ಎಂಜಿನ್ನಿನದು 1.7 ಮೀಟರ್ ವ್ಯಾಸದ ಚಕ್ರ. ಅದು ಗಂಟೆಗೆ ನೂರು ಕಿಲೋಮೀಟರ್ ಮುಟ್ಟಿದಾಗ ಸೆಕೆಂಡಿಗೆ ಇಪ್ಪತ್ತು ಪೆಟ್ಟು ದಾಟುತ್ತದೆ. ಹೆಚ್ಚುಕಡಿಮೆ ಅಲ್ಲಿಗೆ ನಮ್ಮ ಕಿವಿ ಬಿಡಿಬಿಡಿ ಪೆಟ್ಟುಗಳನ್ನು ಬೇರ್ಪಡಿಸಲಾರದೆ ಎಲ್ಲವನ್ನೂ ಒಂದು ಮೊರೆತವಾಗಿ ಕೂಡಿಸಿಬಿಡುತ್ತದೆ.

ಆ ನಾಲ್ಕು ಪೆಟ್ಟುಗಳು ತದ್ರೂಪಿಗಳೂ ಅಲ್ಲ. ಒಳ್ಳೆಯ ಚೆಂಡೆಗಾರನ ಒಂದೇ ಬೋಲು ನಾಲ್ಕು ಸಲ ನಾಲ್ಕು ತೂಕದಲ್ಲಿ ಬೀಳುವ ಹಾಗೆ, ವಾಲ್ವಿನ ಜೋಡಣೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಂದು ಪೆಟ್ಟು ಮುಂದಾಗಿ, ಒಂದು ಮೆಲ್ಲಗಾಗಿ ಕೇಳಿಸುತ್ತದೆ. ಲೋಕೋ ಶೆಡ್ಡಿನ ಪಳಗಿದ ಫಿಟ್ಟರುಗಳು ಎಂಜಿನ್ ಹಾದುಹೋಗುವಾಗ ಅದರ ತಾಳ ಕೇಳಿಯೇ ಯಾವ ಬದಿಯ ವಾಲ್ವ್ ಕೆಟ್ಟಿದೆ ಎಂದು ಗುರುತಿಸುತ್ತಿದ್ದರು.

ನಮ್ಮ ಓದುಗರ ಅಸಮಾಧಾನದ ಬೇರು ಇರುವುದು ಮಾತ್ರ ಇನ್ನೂ ಆಳದಲ್ಲಿ. ವೇಗ ಹೆಚ್ಚಿದಷ್ಟೂ ಸದ್ದು ಜೋರು ಎಂದು ಆಟಿಕೆ ತಯಾರಕರು ಬಹಳ ಕಾಲ ನಂಬಿದ್ದರು, ನಾವೂ ನಂಬಿದ್ದೇವೆ. ಉಗಿ ಎಂಜಿನ್ ಹಾಗಲ್ಲವೇ ಅಲ್ಲ. ಅದರ ದನಿ ಹೇಳುವುದು ವೇಗವನ್ನಲ್ಲ, ದುಡಿಮೆಯನ್ನು. ಉತ್ತರ ಕನ್ನಡದ ಕ್ಯಾಸಲ್‌ರಾಕಿನಿಂದ ಗೋವೆಗೆ ಇಳಿಯುವ ಘಟ್ಟವನ್ನು ನೆನೆಯಿರಿ. ಪ್ರತಿ 37 ಅಡಿಗೆ ಒಂದು ಅಡಿ ಏರು. ತುಂಬಿದ ಗಾಡಿಯನ್ನು ಅಲ್ಲಿ ಮೇಲಕ್ಕೆಳೆಯುವ ಎಂಜಿನ್ ಆಳು ನಡೆಯುವ ವೇಗಕ್ಕೆ ಇಳಿದಿರುತ್ತದೆ, ಆದರೆ ಒಂದೊಂದು ಪೆಟ್ಟೂ ಕಾಡಿಗೆಲ್ಲ ಕೇಳುವಷ್ಟು ಕಟುವಾಗಿರುತ್ತದೆ. ಅದೇ ಎಂಜಿನ್ ಅದೇ ಇಳಿಜಾರಿನಲ್ಲಿ ಕೆಳಗೆ ಬರುವಾಗ ಡ್ರೈವರ್ ರೆಗ್ಯುಲೇಟರ್ ಮುಚ್ಚಿರುತ್ತಾನೆ, ಉಗಿ ಸಿಲಿಂಡರಿಗೆ ಹೋಗುವುದಿಲ್ಲ. ಗಾಡಿ ವೇಗವಾಗಿಯೇ ಓಡುತ್ತಿದ್ದರೂ ಚಿಮಣಿ ಮೌನವಾಗಿರುತ್ತದೆ, ಸಲಾಕೆಗಳ ಟಿಣಿಟಿಣಿ, ಬ್ರೇಕಿನ ಉಜ್ಜಾಟ ಮಾತ್ರ ಕೇಳುತ್ತವೆ.

ಈ ಸದ್ದು ವ್ಯರ್ಥವಾಗಿ ಹೋಗುತ್ತದೆಂದೂ ತಿಳಿಯಬೇಡಿ. ಚಿಮಣಿಗೆ ಚಿಮ್ಮುವ ಉಗಿ ತನ್ನೊಂದಿಗೆ ಹೊಗೆಯನ್ನೂ ಸೆಳೆದೊಯ್ಯುತ್ತದೆ. ಆ ಸೆಳೆತಕ್ಕೆ ಬೆಂಕಿಯ ಗೂಡಿನೊಳಕ್ಕೆ ಹೊಸ ಗಾಳಿ ನುಗ್ಗಿ ಕಲ್ಲಿದ್ದಲು ಕೆಂಡವಾಗುತ್ತದೆ. ಎಂಜಿನ್ ಹೆಚ್ಚು ದುಡಿದಷ್ಟೂ ಪೆಟ್ಟು ಬಲವಾಗುತ್ತದೆ, ಪೆಟ್ಟು ಬಲವಾದಷ್ಟೂ ಬೆಂಕಿ ಜೋರಾಗುತ್ತದೆ, ಬೆಂಕಿ ಜೋರಾದಷ್ಟೂ ದುಡಿಮೆಗೆ ಬೇಕಾದ ಉಗಿ ಸಿಗುತ್ತದೆ. ಯಾರೂ ತಿರುಪು ತಿರುಗಿಸದೆ ತನ್ನ ಉಸಿರನ್ನು ತಾನೇ ಹೊಂದಿಸಿಕೊಳ್ಳುವ ಈ ಏರ್ಪಾಟಿನ ಗುಣವನ್ನು ರಿಚರ್ಡ್ ಟ್ರೆವಿತಿಕ್ 1804ರ ತನ್ನ ಎಂಜಿನ್ನಿನಲ್ಲೇ ಕಂಡುಕೊಂಡಿದ್ದ. ನನ್ನ ಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಅತಿ ಸುಂದರ ಎಂಜಿನಿಯರಿಂಗ್ ಇದು.

ಇಷ್ಟೆಲ್ಲವನ್ನೂ ಅಂಗೈಯಗಲದ ಪೆಟ್ಟಿಗೆಯೊಳಗೆ ಹುಟ್ಟಿಸುವುದು ಹೇಗೆ? ಅಮೆರಿಕದ ಲಯನೆಲ್ ಕಂಪನಿ 1935ರಲ್ಲಿ ಆಟಿಕೆ ರೈಲಿನ ಟೆಂಡರಿನೊಳಗೆ (ಎಂಜಿನ್ನಿನ ಹಿಂದಿನ ಕಲ್ಲಿದ್ದಲು ಗಾಡಿಯೊಳಗೆ) ಪುಟ್ಟ ಗಾಳಿಯಂತ್ರವನ್ನಿಟ್ಟು ನಿಜವಾಗಿಯೇ ಸಿಳ್ಳೆ ಊದಿಸಿತು. ಚಕ್ರ ತಿರುಗಿದಾಗಲೆಲ್ಲ ಉಪ್ಪುಕಾಗದ ಉಜ್ಜಿ ‘ಚಫ್’ ಎನ್ನಿಸುವ ಉಪಾಯವೂ ಬಂತು. ಅದು ಒರಟು, ಆದರೆ ತಾಳ ತಪ್ಪುತ್ತಿರಲಿಲ್ಲ, ಸದ್ದನ್ನು ಚಕ್ರವೇ ಮಾಡುತ್ತಿತ್ತಲ್ಲ! ಧ್ವನಿಮುದ್ರಣವನ್ನು ಬಳಸಹೊರಟಾಗ ತೊಡಕಾಯಿತು. ವೇಗಕ್ಕೆ ತಕ್ಕಂತೆ ಟೇಪನ್ನು ಬೇಗ ಓಡಿಸಿದರೆ ತಾಳದ ಜೊತೆ ಶ್ರುತಿಯೂ ಏರಿ ಎಂಜಿನ್ ಇಲಿಯಂತೆ ಕಿಚಗುಟ್ಟುತ್ತದೆ.

ಈಗಿನ ಮಾದರಿಗಳಲ್ಲಿ ಉಗುರಿಗಿಂತ ತುಸು ದೊಡ್ಡದಾದ ಡಿಕೋಡರ್ ಎಂಬ ಫಲಕವಿದೆ. ನಿಜ ಎಂಜಿನ್ನಿನ ಪಕ್ಕ ಮೈಕು ಹಿಡಿದು ಮುದ್ರಿಸಿಕೊಂಡ ಸದ್ದನ್ನು ಒಂದೊಂದೇ ಪೆಟ್ಟಾಗಿ ಕತ್ತರಿಸಿ ಅದರೊಳಗೆ ಇಟ್ಟಿರುತ್ತಾರೆ. ನಿಧಾನ ಓಟದ್ದು ಬೇರೆ, ಬಿರುಸಿನದ್ದು ಬೇರೆ, ಭಾರ ಎಳೆಯುವಾಗಿನದು ಬೇರೆ. ಯಾವುದನ್ನು ಯಾವಾಗ ಹೊರಡಿಸಬೇಕೆಂದು ಅದು ಅರಿಯುವ ಬಗೆ ನನಗೆ ಬಹಳ ಪ್ರಿಯವಾದದ್ದು. ವಿದ್ಯುತ್ ಮೋಟಾರನ್ನು ತಿರುಗಲು ಬಿಟ್ಟು ಕರೆಂಟು ಕಡಿದರೆ ಅದು ಕ್ಷಣಕಾಲ ಜನರೇಟರ್ ಆಗಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ, ವೇಗ ಹೆಚ್ಚಿದ್ದಷ್ಟೂ ಹೆಚ್ಚು. ಡಿಕೋಡರ್ ಸೆಕೆಂಡಿಗೆ ಹಲವಾರು ಬಾರಿ ಕರೆಂಟನ್ನು ರೆಪ್ಪೆ ಮಿಟುಕುವುದಕ್ಕಿಂತ ಬೇಗ ಕಡಿದು, ಆ ವೋಲ್ಟೇಜನ್ನು ಅಳೆದು, ಮತ್ತೆ ಕೊಡುತ್ತದೆ. ಹೀಗೆ ವೇಗ ತಿಳಿಯಿತು. ಆ ವೇಗ ಉಳಿಸಿಕೊಳ್ಳಲು ಎಷ್ಟು ಹೆಚ್ಚು ವಿದ್ಯುತ್ ಕೊಡಬೇಕಾಯಿತು ಎಂಬುದರಿಂದ ಭಾರವೂ ತಿಳಿಯಿತು. ಏರು ಬಂದರೆ ಪೆಟ್ಟಿಗೆ ಕಸುವು ತುಂಬುತ್ತದೆ, ಇಳಿಜಾರು ಬಂದರೆ ಚಿಮಣಿ ಸುಮ್ಮನಾಗುತ್ತದೆ. ಕೆಲವರು ಇಷ್ಟಕ್ಕೂ ತೃಪ್ತರಾಗದೆ ಚಕ್ರದ ಅಚ್ಚಿಗೆ ನಾಲ್ಕು ಸಣ್ಣ ಅಯಸ್ಕಾಂತಗಳನ್ನು ಅಂಟಿಸಿ, ಪ್ರತಿ ಕಾಲು ಸುತ್ತಿಗೂ ಸಂವೇದಕದಿಂದ ಸಂಕೇತ ಪಡೆಯುತ್ತಾರೆ. ತಾಳಕ್ಕೆ ಅದೇ ಅತ್ಯಂತ ಪ್ರಾಮಾಣಿಕ ದಾರಿ ಎಂದು ನನ್ನ ಅಭಿಪ್ರಾಯ.

ಎಂಜಿನ್ನನ್ನು 87ರಲ್ಲಿ ಒಂದು ಪಾಲಿಗೆ ಕುಗ್ಗಿಸಬಹುದು, ಅದು ಜಗತ್ತಿನಾದ್ಯಂತ ಜನಪ್ರಿಯವಾದ ಅಳತೆ. ಸದ್ದನ್ನು ಹಾಗೆ ಕುಗ್ಗಿಸಲಾಗದು. ಸುಮಾರು 400 ಹರ್ಟ್ಜ್ ಸ್ವರದ ಸಿಳ್ಳೆಯನ್ನು ಅದೇ ಪ್ರಮಾಣದಲ್ಲಿ ಕಿರಿದುಮಾಡಿ ಊದಿದರೆ ಸ್ವರ 34,800 ಹರ್ಟ್ಜಿಗೆ ಏರುತ್ತದೆ. ಮನುಷ್ಯನ ಕಿವಿಯ ಮಿತಿ 20,000. ನಮ್ಮ ತೋಟದ ಬಾವಲಿಗಳಿಗಷ್ಟೇ ಆ ಕೂಗು ಕೇಳೀತು! ನಿಜವಾಗಿಯೇ ನೀರು ಕಾಯಿಸಿ ಉಗಿಯಲ್ಲಿ ಓಡಿಸುವ ಮಾದರಿಗಳ ಸಿಳ್ಳೆ ಅಷ್ಟು ಕೀಚಲಾಗಿರುವುದು ಇದರಿಂದಲೇ. ಹಾದುಹೋಗುವ ರೈಲಿನ ಕೂಗು ಸಟ್ಟನೆ ಇಳಿಯುವ ಡಾಪ್ಲರ್ ಪರಿಣಾಮವೂ ಹಾಗೆಯೇ. ಗಂಟೆಗೆ 60 ಕಿಲೋಮೀಟರಿನ ಗಾಡಿಯಲ್ಲಿ ಸ್ವರ ಎದುರು ಬರುವಾಗ ನೂರಕ್ಕೆ ಐದರಷ್ಟು ಏರಿ, ದೂರ ಸರಿಯುವಾಗ ಅಷ್ಟೇ ಇಳಿಯುತ್ತದೆ. ಮೇಜಿನ ಮೇಲೆ ಸೆಕೆಂಡಿಗೆ 19 ಸೆಂಟಿಮೀಟರ್ ಸಾಗುವ ಮಾದರಿಯಲ್ಲಿ ಆ ವ್ಯತ್ಯಾಸ ಯಾವ ಸಂಗೀತಗಾರನಿಗೂ ತಿಳಿಯದಷ್ಟು ಸಣ್ಣದು. ಬೇಕೆಂದರೆ ಡಿಕೋಡರೇ ಅದನ್ನು ಕೃತಕವಾಗಿ ಹುಟ್ಟಿಸಬೇಕು.

ಸ್ಪೀಕರಿನ ಬಗ್ಗೆ ಒಂದು ಮೂಢನಂಬಿಕೆಯನ್ನು ಗದರಿಸಲೇಬೇಕು. ವ್ಯಾಟ್ ಹೆಚ್ಚಿದ್ದರೆ ಸದ್ದು ನೈಜ ಎಂದು ನಂಬಿ ದುಡ್ಡು ಸುರಿಯುವವರಿದ್ದಾರೆ. ಬೆರಳ ತುದಿಯಷ್ಟಿನ ಸ್ಪೀಕರಿನ ಕಷ್ಟ ವ್ಯಾಟಿನದಲ್ಲ. ಅದರ ಪೊರೆ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಅಷ್ಟೇ ಎಳೆಯುತ್ತದೆ. ಎರಡು ಅಲೆಗಳೂ ಅಂಚಿನಲ್ಲಿ ಸುತ್ತಿಬಂದು ಒಂದನ್ನೊಂದು ಅಳಿಸಿಹಾಕುತ್ತವೆ, ಮಂದ್ರಸ್ವರಗಳಲ್ಲಂತೂ ಬಹುತೇಕ ಪೂರ್ತಿಯಾಗಿ. ಹಿಂಬದಿಗೆ ಗಾಳಿಯಾಡದ ಪುಟ್ಟ ಡಬ್ಬಿಯೊಂದನ್ನು ಅಂಟಿಸಿದರೆ ಸಾಕು, ಅದೇ ಸ್ಪೀಕರ್ ಬೇರೆಯೇ ಆಗಿ ನುಡಿಯುತ್ತದೆ. ಸಿಳ್ಳೆಯ ವಿಷಯದಲ್ಲಿ ಮಿದುಳೂ ನೆರವಿಗೆ ಬರುತ್ತದೆ. ಮೂಲಸ್ವರ ಹೊರಡದೆ ಅದರ ಮೇಲಿನ ಉಪಸ್ವರಗಳಷ್ಟೇ ಕೇಳಿಸಿದರೂ ಕಾಣೆಯಾದ ಮೂಲವನ್ನು ಮಿದುಳು ತಾನೇ ಕಲ್ಪಿಸಿಕೊಳ್ಳುತ್ತದೆ. ಮೊಬೈಲಿನಲ್ಲಿ ಗಂಡುದನಿ ಗಂಡುದನಿಯಾಗಿಯೇ ಕೇಳುವುದು ಈ ಉಪಕಾರದಿಂದ.

ಇನ್ನು ಕಾರ್ಕಳದವರಿಗೆ ಉತ್ತರ. ನಿಮ್ಮ ಎಂಜಿನ್ನನ್ನು ಅತಿ ನಿಧಾನವಾಗಿ ಓಡಿಸಿ, ಚಾಲಕ ಚಕ್ರದ ಒಂದು ಸುತ್ತಿಗೆ ನಾಲ್ಕು ಪೆಟ್ಟು ಬೀಳುತ್ತಿದೆಯೇ ಎಣಿಸಿ. ಇಲ್ಲದಿದ್ದರೆ ಡಿಕೋಡರಿನ ಕೈಪಿಡಿಯಲ್ಲಿ ಅದನ್ನು ಹೊಂದಿಸುವ ವಿಧಾನ ಇರುತ್ತದೆ. ಒಂದು ವಿನಾಯಿತಿ ಇದೆ: ಮೂರು ಸಿಲಿಂಡರಿನ ಎಂಜಿನ್ ಆಗಿದ್ದರೆ ಆರು ಪೆಟ್ಟು ಸರಿ. ತಾಳ ಸರಿಯಿದ್ದೂ ಬೀರೂರು ಕೇಳಿಸದಿದ್ದರೆ ಕಾರಣ ಬೇರೆ. ಜರ್ಮನಿಯ ಎಂಜಿನ್ನಿಗೆ ಗಾಳಿ ಬ್ರೇಕು, ನಿಂತಾಗಲೂ ಅದರ ಪಂಪು ಟಪ್ ಟಪ್ ಎಂದು ಬಡಿಯುತ್ತಿರುತ್ತದೆ. ನಮ್ಮ ಉಗಿ ಎಂಜಿನ್ನುಗಳು ಎಳೆಯುತ್ತಿದ್ದದ್ದು ಹೆಚ್ಚಾಗಿ ನಿರ್ವಾತ ಬ್ರೇಕಿನ ಗಾಡಿಗಳನ್ನು. ಆ ನಿರ್ವಾತವನ್ನು ಉಗಿಯೇ ಸೆಳೆದು ಹುಟ್ಟಿಸುತ್ತಿದ್ದುದರಿಂದ ಪ್ಲಾಟ್‌ಫಾರ್ಮಿನಲ್ಲಿ ನಿಂತ ಎಂಜಿನ್ ಎಡೆಬಿಡದೆ ‘ಸ್ಸ್’ ಎನ್ನುತ್ತಿತ್ತು. ನೀವು ಬಾಲ್ಯದಲ್ಲಿ ಕೇಳಿದ್ದು ಆ ಸೀತ್ಕಾರ. ಜರ್ಮನ್ ಪೆಟ್ಟಿಗೆಯಲ್ಲಿ ಅದನ್ನು ಹುಡುಕಿದರೆ ಸಿಗದು.

ಮಾರುಕಟ್ಟೆಯ ಧ್ವನಿಕಡತಗಳಲ್ಲಿ ಹೆಚ್ಚಿನವು ಬ್ರಿಟನ್, ಅಮೆರಿಕ, ಜರ್ಮನಿಯ ಎಂಜಿನ್ನುಗಳವು. ನಮ್ಮವನ್ನು ನಾವೇ ಮುದ್ರಿಸಬೇಕು, ಅದಕ್ಕೆ ಅವಕಾಶ ಇನ್ನೂ ಇದೆ. ಮೆಟ್ಟುಪಾಳ್ಯದಿಂದ ಕೂನೂರಿಗೆ ಉಗಿ ಎಂಜಿನ್ ಈಗಲೂ ಹತ್ತುತ್ತದೆ, 12 ಅಡಿಗೆ ಒಂದು ಅಡಿಯ ಏರಿನಲ್ಲಿ, ಹಲ್ಲಿನ ಹಳಿ ಕಚ್ಚಿಕೊಂಡು. ಅಲ್ಲಿ ಮೇಲಿನ ನಾಲ್ಕು ಪೆಟ್ಟಿನ ನಿಯಮವೂ ಮುರಿಯುತ್ತದೆ. ಮೊದಲ ಜೋಡಿ ಸಿಲಿಂಡರಿನಿಂದ ಹೊರಟ ಉಗಿ ಎರಡನೆಯ ಜೋಡಿಗೆ ಹೋಗಿ ಹಲ್ಲುಗಾಲಿಯನ್ನು ತಿರುಗಿಸಿದ ಮೇಲಷ್ಟೇ ಚಿಮಣಿ ಸೇರುವುದರಿಂದ, ಹಳಿಯ ಮೇಲಿನ ಚಕ್ರದ್ದೇ ಒಂದು ತಾಳ, ಚಿಮಣಿಯದ್ದೇ ಇನ್ನೊಂದು. ಹರಿಯಾಣದ ರೇವಾಡಿ ಶೆಡ್ಡಿನಲ್ಲಿ ಹಳೆಯ ಬ್ರಾಡ್‌ಗೇಜ್ ಎಂಜಿನ್ನುಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟಿದ್ದಾರೆ. ಹೋದವರು ವಿಡಿಯೋ ತೆಗೆದರೆ ಸಾಲದು, ಮಾತು ನಿಲ್ಲಿಸಿ, ಗಾಳಿ ಬಡಿಯದಂತೆ ಮೈಕಿಗೆ ಸ್ಪಂಜು ಸುತ್ತಿ, ಹೊರಡುವಾಗಿನ ಮೊದಲ ಪೆಟ್ಟುಗಳನ್ನು ಬಿಡಿಬಿಡಿಯಾಗಿ ಹಿಡಿಯಿರಿ. ನಿಮ್ಮ ಮನೆಯ ಅಟ್ಟದಲ್ಲಿ ಎಪ್ಪತ್ತು ಎಂಬತ್ತರ ದಶಕದಲ್ಲಿ ಅರಸೀಕೆರೆಯಲ್ಲೋ ಹುಬ್ಬಳ್ಳಿಯಲ್ಲೋ ರೈಲಿನ ಸದ್ದು ಹಿಡಿದ ಕ್ಯಾಸೆಟ್ ಇದ್ದರೆ ಈ ಮಳೆಗಾಲಕ್ಕೆ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯಲು ಹೆಚ್ಚು ವರ್ಷ ಬೇಕಾಗುವುದಿಲ್ಲ.