ಸೋತವರಿಗೆ ಇನ್ನೊಂದು ಆಟ

ಐಸ್ ಹಾಕಿಯ ವಿಷಯ ಮಾತನಾಡಲು ಕುಳಿತವನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಹೆಸರೆತ್ತಿದರೆ ಕೇಳುವವರಿಗೆ ನಗು ಬರುವುದು ಸಹಜ. ನಮ್ಮ ಕಡೆ ಕೆರೆಯ ನೀರು ಬತ್ತಿದ್ದನ್ನು ಕಂಡವರುಂಟು, ಹೆಪ್ಪುಗಟ್ಟಿದ್ದನ್ನು ಕಂಡವರಿಲ್ಲ. ಬರ್ಫವೆಂದರೆ ಬ್ಯಾಸಗಿಯಲ್ಲಿ ನಿಂಬೆಹಣ್ಣಿನ ಪಾನಕದೊಳಗೆ ಕರಗಿಹೋಗುವ ಪದಾರ್ಥ, ಅಷ್ಟೆ. ಆದರೂ ಈ ನಾಲ್ಕು ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಇಂದು ಕೆನಡಾ ದೇಶದ ಒಂದು ಕಿರಿಯರ ಲೀಗಿನ ಮೊದಲ ವರ್ಷದ ಕಥೆಯನ್ನು ಹೇಳಬೇಕೆಂದಿದ್ದೇನೆ. ಏಕೆಂದರೆ ಅದು ದೊಡ್ಡ ನಗರಗಳಷ್ಟೇ ನಮ್ಮಂಥ ಬಯಲುಸೀಮೆಯ ಸಣ್ಣ ಊರುಗಳ ಕಥೆಯೂ ಹೌದು.

ಮೊದಲು ಆಟದ ಪರಿಚಯ. ಹೆಪ್ಪುಗಟ್ಟಿದ ನೀರಿನ ಅಂಗಳ. ಉದ್ದ 200 ಅಡಿ, ಅಗಲ 85 ಅಡಿ. ಕಾಲಿಗೆ ಉಕ್ಕಿನ ಅಲಗುಳ್ಳ ಬೂಟು ಕಟ್ಟಿಕೊಂಡು ಜಾರುತ್ತ ಆಡುವ ಆರಾರು ಮಂದಿ, ಅವರಲ್ಲಿ ಒಬ್ಬ ಗೋಲು ಕಾಯುವವನು. ಚೆಂಡಿನ ಬದಲು ಮೂರು ಅಂಗುಲ ಅಗಲದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ; ಅದಕ್ಕೆ ಪಕ್ ಎಂದು ಹೆಸರು. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿಗಳು. ತಪ್ಪು ಮಾಡಿದವನು ಸಾಮಾನ್ಯವಾಗಿ ಎರಡು ನಿಮಿಷ ಅಂಗಳದ ಹೊರಗೆ ಕುಳಿತಿರಬೇಕು. ಅಷ್ಟು ಹೊತ್ತು ಅವನ ತಂಡ ಒಬ್ಬ ಕಡಿಮೆಯವರೊಡನೆ ಆಡಬೇಕು. ಒಬ್ಬನ ತಪ್ಪಿನ ಭಾರವನ್ನು ಎಲ್ಲರೂ ಹೊರುವ ಈ ನಿಯಮ ನನಗೆ ಬಹಳ ಅರ್ಥವತ್ತಾಗಿ ಕಂಡಿದೆ.

ಇನ್ನು ಲೀಗ್ ಎಂದರೇನು? ಇದನ್ನು ವಿವರಿಸಲು ನನ್ನ ಬಾಲ್ಯದ ಒಂದು ಸಂಗತಿ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಖೋಖೋ ತಂಡ ತಾಲ್ಲೂಕು ಮಟ್ಟದ ಆಟಕ್ಕೆ ಹೋಯಿತು. ಎರಡು ತಿಂಗಳು ಎರಿಮಣ್ಣಿನಲ್ಲಿ ಬಿದ್ದು ಎದ್ದು ಕಲಿತಿದ್ದೆವು. ಮೊದಲ ಆಟದಲ್ಲೇ ಸೋತೆವು. ತಂದಿದ್ದ ಬುತ್ತಿಯನ್ನು ಗಿಡದ ನೆರಳಲ್ಲಿ ಬಿಚ್ಚಿ ಉಂಡು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳಿದೆವು. ಮುಂದಿನ ಆಟ ಮುಂದಿನ ವರ್ಷ. ಅಷ್ಟರಲ್ಲಿ ತಂಡದ ಅರ್ಧ ಹುಡುಗರು ಶಾಲೆ ಬಿಟ್ಟು ಹೊಲದ ಕೆಲಸಕ್ಕೆ ಹೋಗಿದ್ದರು. ಸೋತದ್ದರಿಂದ ನಾವು ಏನು ಕಲಿತೆವೆಂಬುದನ್ನು ಪರೀಕ್ಷಿಸಲು ನಮಗೆ ಅವಕಾಶವೇ ಬರಲಿಲ್ಲ.

ಸೋತವರು ಮನೆಗೆ ನಡೆಯಬೇಕಾದ ಈ ಪದ್ಧತಿಗೆ ನಾಕೌಟ್ ಎನ್ನುತ್ತಾರೆ. ಲೀಗ್ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳೊಡನೆ ಮತ್ತೆ ಮತ್ತೆ ಆಡುತ್ತದೆ. ಇಂದು ಸೋತವರಿಗೆ ಬರುವ ವಾರ ಇನ್ನೊಂದು ಆಟವುಂಟು. ಗೆದ್ದವರನ್ನು ಆರಿಸುವುದಕ್ಕೆ ನಾಕೌಟ್ ಸಾಕು. ಆಡುವವರನ್ನು ಬೆಳೆಸುವುದಕ್ಕೆ ಲೀಗ್ ಬೇಕು.

ಈಗ ಕೆನಡಾದ ಕಥೆ. ಆ ದೇಶದ ನಡುವೆ ಸಸ್ಕಾಚೆವಾನ್ ಎಂಬ ಪ್ರಾಂತವಿದೆ. ಕಣ್ಣು ಹರಿಯುವಷ್ಟು ದೂರ ಗೋಧಿಯ ಬಯಲು. ಡೋಣಿ ತೀರದ ಬಿಳಿಜೋಳದ ಬಯಲನ್ನು ಕಂಡವರು ಅದನ್ನು ಊಹಿಸಿಕೊಳ್ಳಬಲ್ಲರು. ಚಳಿಗಾಲ ಮಾತ್ರ ನಮ್ಮ ಊಹೆಗೆ ಮೀರಿದ್ದು: ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವುದುಂಟು. 1966ರಲ್ಲಿ ಈ ಪ್ರಾಂತದ ಎಸ್ಟೆವನ್, ವೇಬರ್ನ್, ಮೂಸ್ ಜಾ, ರಿಜೈನಾ, ಸಸ್ಕಾಟೂನ್ ಎಂಬ ಐದು ಊರುಗಳ ಕಿರಿಯರ ತಂಡಗಳೂ ನೆರೆಯ ಆಲ್ಬರ್ಟಾದ ಎಡ್ಮಂಟನ್, ಕ್ಯಾಲ್ಗರಿ ತಂಡಗಳೂ ಸೇರಿ ಹೊಸದೊಂದು ಲೀಗನ್ನು ಕಟ್ಟಿದವು. ಎಡ್ಮಂಟನ್ನಿನ ಬಿಲ್ ಹಂಟರ್ ಅದರ ಮುಂದಾಳುಗಳಲ್ಲಿ ಒಬ್ಬ. ಪೂರ್ವದ ಒಂಟಾರಿಯೊ, ಕ್ವಿಬೆಕ್‌ಗಳ ತಂಡಗಳಿಗೆ ಸರಿಸಮನಾಗಿ ನಿಲ್ಲಬೇಕಾದರೆ ಪಶ್ಚಿಮದ ಹುಡುಗರು ವರ್ಷವಿಡೀ ಬಲವಾದ ಎದುರಾಳಿಗಳೊಡನೆ ಆಡಬೇಕೆಂಬುದು ಅವರ ವಿಚಾರ.

ದೇಶದ ಹಾಕಿಯನ್ನು ಆಳುತ್ತಿದ್ದ ಸಂಸ್ಥೆ ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಲೀಗಿಗೆ ಬಹಿಷ್ಕಾರ ಬಿತ್ತು. ಮೆಮೋರಿಯಲ್ ಕಪ್ ಎಂಬುದು 1919ರಿಂದ ನಡೆದುಬಂದ, ಕೆನಡಾದ ಕಿರಿಯರ ಹಾಕಿಯ ಅತಿ ದೊಡ್ಡ ಗೌರವ. ಅದಕ್ಕಾಗಿ ಸ್ಪರ್ಧಿಸುವ ಹಕ್ಕನ್ನು ಈ ತಂಡಗಳು ಆ ವರ್ಷ ಕಳೆದುಕೊಂಡವು. ಎಡ್ಮಂಟನ್ ತಂಡವಂತೂ 1966ರಲ್ಲಿ ಅದೇ ಕಪ್ಪನ್ನು ಗೆದ್ದಿತ್ತು! ಕೈಯಲ್ಲಿದ್ದ ಕಿರೀಟವನ್ನು ಕೆಳಗಿಟ್ಟು, ಕಿರೀಟವೇ ಇಲ್ಲದ ಆಟಕ್ಕೆ ಇಳಿದ ಹಾಗಾಯಿತು. ಅಪ್ಪಣೆ ಸಿಕ್ಕ ಮೇಲೆ ಆಡೋಣವೆಂದು ಅವರು ಕಾದಿದ್ದರೆ ಆ ವರ್ಷದ ಹುಡುಗರು ಕಾಯುತ್ತಲೇ ದೊಡ್ಡವರಾಗಿಬಿಡುತ್ತಿದ್ದರು.

1967ರ ವಸಂತದಲ್ಲಿ ಆ ಮೊದಲ ಋತುವಿನ ಚಾಂಪಿಯನ್ ಆದದ್ದು ಮೂಸ್ ಜಾ ಎಂಬ ಸಣ್ಣ ಊರು. ಮರುವರ್ಷ ದಾರಿ ತೆರೆಯಿತು; 1968ರಲ್ಲಿ ಇನ್ನೂ ಚಿಕ್ಕದಾದ ಎಸ್ಟೆವನ್ ಮೆಮೋರಿಯಲ್ ಕಪ್ಪಿನ ಅಂತಿಮ ಸುತ್ತಿನವರೆಗೆ ಹೋಗಿ ಸೋತಿತು. ಆದರೆ ಮೊದಲ ಚಾಂಪಿಯನ್ ಆದ ಮೂಸ್ ಜಾ ಅದೇ ವರ್ಷ ಲೀಗನ್ನು ಬಿಟ್ಟುಹೋಯಿತು. 1984ರಲ್ಲಿ ಬೇರೆ ಹೆಸರಿನ ತಂಡದೊಡನೆ ಮರಳಿ ಬಂತು. ಮತ್ತೆ ಆ ಊರು ಲೀಗನ್ನು ಗೆದ್ದದ್ದು 2024ರಲ್ಲಿ, ಮೊದಲ ಗೆಲುವಿನ ಐವತ್ತೇಳು ವರ್ಷಗಳ ಮೇಲೆ. ಏಳು ತಂಡಗಳಿಂದ ಹೊರಟ ಆ ಲೀಗಿನಲ್ಲಿ ಇಂದು ಇಪ್ಪತ್ತಕ್ಕೂ ಹೆಚ್ಚು ತಂಡಗಳಿವೆ. ಮೊದಲ ಋತುವಿನ ಬೆಲೆಯನ್ನು ಆ ವರ್ಷದ ಫಲಿತಾಂಶದಿಂದ ಅಳೆಯಬಾರದು. ಎರಡನೆಯ ಋತು ಬಂತೇ ಎಂಬುದರಿಂದ ಅಳೆಯಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತಾದೀತು. ಲೀಗಿಗೆ ತೆರಬೇಕಾದ ಬೆಲೆಯೂ ಉಂಟು. ಹದಿನಾರು ಹದಿನೇಳರ ಹುಡುಗರು ತಾಯಿತಂದೆಯರನ್ನು ಬಿಟ್ಟು ಪರವೂರಿನಲ್ಲಿ ಅನ್ಯರ ಮನೆಯಲ್ಲಿ ಉಳಿದು ಆಡುತ್ತಾರೆ. ರಾತ್ರಿಯೆಲ್ಲ ಹಿಮದ ರಸ್ತೆಯಲ್ಲಿ ಬಸ್ಸಿನ ಪಯಣ. 1986ರ ಡಿಸೆಂಬರ್ 30ರಂದು ಇದೇ ಲೀಗಿನ ಸ್ವಿಫ್ಟ್ ಕರೆಂಟ್ ತಂಡದ ಬಸ್ಸು ರಸ್ತೆಯಲ್ಲಿ ಜಾರಿ ಉರುಳಿ ನಾಲ್ವರು ಹುಡುಗರು ತೀರಿಕೊಂಡರು. ಉಳಿದವರು ಆ ಋತುವನ್ನು ಆಡಿ ಮುಗಿಸಿದರು. 1989ರಲ್ಲಿ ಆ ಊರು ಮೆಮೋರಿಯಲ್ ಕಪ್ ಗೆದ್ದಿತು. ಆದರೆ ಯಾವ ಕಪ್ಪೂ ನಾಲ್ಕು ಮನೆಗಳ ಬರಿದನ್ನು ತುಂಬಲಾರದು. ಓದಿನ ಮಾತೂ ಹಾಗೆಯೇ. ಆಟದಿಂದಲೇ ಬದುಕು ಕಟ್ಟಿಕೊಳ್ಳುವವರು ಕೆಲವರು, ಉಳಿದವರ ಗತಿಯೇನು? ಈ ಪ್ರಶ್ನೆಗೆ ಉತ್ತರವಾಗಿ ಆ ಲೀಗು ಆಡಿದ ಒಂದೊಂದು ಋತುವಿಗೆ ಒಂದೊಂದು ವರ್ಷದ ಕಾಲೇಜು ಶಿಕ್ಷಣದ ವೆಚ್ಚ ಕೊಡುವ ಏರ್ಪಾಡು ಮಾಡಿತು. ಮಕ್ಕಳನ್ನು ಆಡಿಸುವವರು ಆಟ ಮುಗಿದ ಮೇಲಿನ ಬದುಕಿಗೂ ಹೊಣೆಯಾಗಬೇಕು.

ನಮ್ಮ ದೇಶದಲ್ಲಿ ಈ ಆಟದ ನೆಲೆ ಲಡಾಖ್. ಅಲ್ಲಿಯೂ 2024ರ ಜನವರಿಯಲ್ಲಿ ಲೇಹ್ ಪಟ್ಟಣದಲ್ಲಿ ಒಂದು ಲೀಗಿನ ಮೊದಲ ಋತು ನಡೆಯಿತು. ಗಂಡಸರ ತಂಡಗಳ ಜೊತೆಗೆ ಹೆಂಗಸರ ತಂಡಗಳೂ ಆಡಿದವು. 2025ರಲ್ಲಿ ಭಾರತದ ಮಹಿಳಾ ತಂಡ ಏಷ್ಯಾ ಕಪ್ಪಿನಲ್ಲಿ ಕಂಚಿನ ಪದಕ ಪಡೆಯಿತು.

ನಮ್ಮ ಸೀಮೆಗೆ ಹಿಮ ಬರಲಾರದು, ಬರಬೇಕಾಗಿಯೂ ಇಲ್ಲ. ಖೋಖೋ ಇದೆ, ಕಬಡ್ಡಿ ಇದೆ, ಎರಿಯ ನೆಲವಿದೆ, ಊರಿಂದೂರಿಗೆ ಬಸ್ಸಿದೆ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಾಡು ಕೂಡಿಸಲು ಹೊರಟಾಗ ಯಾರ ಅಪ್ಪಣೆಗೂ ಕಾಯಲಿಲ್ಲ. 1931ರಲ್ಲಿ ‘ಗರತಿಯ ಹಾಡು’ ಹೊರಬಂತು. ಅದೂ ಸಣ್ಣ ಊರಿನ ಕಿರಿಯರು ತಾವೇ ಕಟ್ಟಿಕೊಂಡ ಕೂಟವಲ್ಲವೆ? ಇಂಡಿಯ ಮಕ್ಕಳು ಒಂದು ವಾರ ಸಿಂದಗಿಗೆ ಹೋಗಲಿ, ಇನ್ನೊಂದು ವಾರ ಮುದ್ದೇಬಿಹಾಳದವರು ಬಾಗೇವಾಡಿಗೆ ಬರಲಿ. ಸೋತವರು ಗಿಡದ ನೆರಳಲ್ಲಿ ಬುತ್ತಿ ಬಿಚ್ಚಲಿ. ಆದರೆ ಉಂಡು ಬಸ್ಸು ಹತ್ತುವಾಗ ಅವರ ಬಾಯಲ್ಲಿ ಬರುವ ವಾರದ ಆಟದ ಮಾತಿರಲಿ.