ಎರಡೇ ನಿಮಿಷದ ವಿಮಾನಯಾನ

ಲಂಡನ್ನಿನಿಂದ ಬೆಂಗಳೂರಿಗೆ ಸುಮಾರು 8,000 ಕಿಲೋಮೀಟರ್, ಹತ್ತು ಗಂಟೆಯ ಹಾರಾಟ. ನಮಗೆಲ್ಲ ಬಾಯಿಪಾಠವಾದ ಲೆಕ್ಕ ಇದು. ಇದಕ್ಕೆ ತದ್ವಿರುದ್ಧವಾದ ವಿಮಾನವೊಂದು ಇದೇ ಬ್ರಿಟನ್ನಿನಲ್ಲಿದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ, ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಹೋಗುವ ವಿಮಾನ. ದೂರ 2.7 ಕಿ.ಮೀ. ವೇಳಾಪಟ್ಟಿಯಲ್ಲಿ ಕಾಣುವ ಸಮಯ ಎರಡು ನಿಮಿಷ! ಜಗತ್ತಿನ ಅತಿ ಚಿಕ್ಕ ನಿಯಮಿತ ವಿಮಾನಯಾನ ಎಂದು ಇದಕ್ಕೆ ಗಿನ್ನೆಸ್ ಮನ್ನಣೆಯೂ ಉಂಟು.

ನಮ್ಮ ದೇವನಹಳ್ಳಿಯ ರನ್‌ವೇ ಒಂದೊಂದೂ 4 ಕಿ.ಮೀ. ಉದ್ದ. ಅಂದರೆ ಬೆಂಗಳೂರಿನಲ್ಲಿ ರನ್‌ವೇಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ದೂರವೂ ಇಲ್ಲಿ ಹಾರುವುದಿಲ್ಲ.

ಗಾಳಿ ಅನುಕೂಲವಾಗಿದ್ದರೆ ಎರಡು ನಿಮಿಷವೂ ಬೇಡ, ಒಂದೂವರೆ ನಿಮಿಷ ಸಾಕು. ಪೈಲಟ್ ಸ್ಟುವರ್ಟ್ ಲಿಂಕ್ಲೇಟರ್ ಅವರ ದಾಖಲೆ 53 ಸೆಕೆಂಡು. ದೂರ ಅಷ್ಟೇ ಇದ್ದರೂ ಸಮಯ ಹೀಗೆ ಹಿಗ್ಗಿ ಕುಗ್ಗುವುದು ಗಾಳಿಯಿಂದ ಮತ್ತು ಯಾವ ದಿಕ್ಕಿಗೆ ಏರಿ ಯಾವ ದಿಕ್ಕಿನಿಂದ ಇಳಿಯಬೇಕು ಎಂಬುದರಿಂದ. ನಾವು ಊರಿಗೆ ಹೋಗುವಾಗ ಬೇಗ ತಲುಪಿ, ಬರುವಾಗ ತಡವಾಗುವುದಕ್ಕೂ ಗಾಳಿಯೇ ಕಾರಣ. (ಬರುವಾಗ ಮನಸ್ಸು ಭಾರ ಎನ್ನುವುದು ಬೇರೆ ಮಾತು!)

ಇಷ್ಟು ದೂರಕ್ಕೆ ವಿಮಾನ ಯಾಕೆ ಬೇಕು ಎಂದು ನಗುವವರಿದ್ದಾರೆ. ನಡುವೆ ಇರುವುದು ಸಮುದ್ರ ಸ್ವಾಮಿ, ಕೆರೆಯಲ್ಲ. ಪಾಪಾ ವೆಸ್ಟ್ರೇಯ ಜನಸಂಖ್ಯೆ ನೂರರ ಆಸುಪಾಸು. ಶಿಕ್ಷಕರು, ವೈದ್ಯರು, ಆಸ್ಪತ್ರೆಗೆ ಹೊರಟವರು, ಎಲ್ಲರಿಗೂ ಮುಖ್ಯ ಪಟ್ಟಣ ಕರ್ಕ್‌ವಾಲ್ ಜೊತೆಗಿನ ಕೊಂಡಿ ಎಂಟು ಪ್ರಯಾಣಿಕರ ಈ ಪುಟ್ಟ 'ಐಲ್ಯಾಂಡರ್' ವಿಮಾನ. ಕರ್ಕ್‌ವಾಲಿನಿಂದ ಹೊರಟು ಎರಡೂ ದ್ವೀಪಗಳನ್ನು ಮುಟ್ಟಿ ಬರುವ ಸುತ್ತಿನಲ್ಲಿ ಈ ಎರಡು ನಿಮಿಷದ ಜಿಗಿತ ಒಂದು ಭಾಗ, ಅಷ್ಟೆ. ಲೋಗನ್‌ಏರ್ ಕಂಪನಿ 1967ರಿಂದ ಇದನ್ನು ನಡೆಸಿಕೊಂಡು ಬಂದಿದೆ. ಟಿಕೆಟ್ ಹಣದಿಂದ ಮಾತ್ರ ಇದು ನಡೆಯುವಂಥದ್ದಲ್ಲ, ಸ್ಥಳೀಯ ಕೌನ್ಸಿಲ್ ಸಹಾಯಧನ ಕೊಡುತ್ತದೆ. ಮಂಜು ಕವಿದರೆ ಮಾತ್ರ ಕಾಯಲೇಬೇಕು.

ಇದನ್ನು ಓದುವಾಗ ಸಾಗರದ ಕಡೆಯವರಿಗೆ ತುಮರಿ ನೆನಪಾಗದೇ ಇರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರು ಆ ಸೀಮೆಯನ್ನು ದ್ವೀಪದಂತೆ ಮಾಡಿತು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಲಾಂಚೇ ಗತಿ. ಸಂಜೆಯಾದ ಮೇಲೆ ಅದೂ ಇಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಕಾಡುದಾರಿಯಲ್ಲಿ ಬಹುದೂರ ಸುತ್ತಬೇಕು. ನಾಡಿಗೆ ಬೆಳಕು ಕೊಡಲು ಮುಳುಗಡೆಯಾದ ಜನ ಅವರು. ಸುಮಾರು ಎರಡೂವರೆ ಕಿ.ಮೀ. ಉದ್ದದ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಹೆಚ್ಚುಕಡಿಮೆ ವೆಸ್ಟ್ರೇ ವಿಮಾನದಷ್ಟೇ ದೂರ, ಕಾದದ್ದು ಅರವತ್ತು ವರ್ಷ. ನೂರು ಜನರ ದ್ವೀಪಕ್ಕೆ ವಿಮಾನ ಕೊಟ್ಟವರನ್ನು ದುಂದುಗಾರರೆನ್ನಲು ನನಗಂತೂ ಬಾಯಿ ಬರುವುದಿಲ್ಲ.

ಆರ್ಕ್ನಿಗೆ ಹೋಗುವವರು ಸೀಟು ಮೊದಲೇ ಕಾದಿರಿಸಿ, ಇರುವುದು ಎಂಟೇ. ಅದೃಷ್ಟವಿದ್ದರೆ ಪೈಲಟ್ ಪಕ್ಕದಲ್ಲೇ ಕೂರಬಹುದು. ಇಳಿದವರು ಹಾಗೇ ಹಿಂತಿರುಗಬೇಡಿ. ಪಾಪಾ ವೆಸ್ಟ್ರೇಯ ಕಡಲಂಚಿನಲ್ಲಿ ನ್ಯಾಪ್ ಆಫ್ ಹೌವರ್ ಎಂಬ ಜೋಡಿ ಕಲ್ಲುಮನೆಗಳಿವೆ. ಐದು ಸಾವಿರ ವರ್ಷಕ್ಕೂ ಹಳೆಯವು, ಗೋಡೆಗಳು ಇನ್ನೂ ನಿಂತಿವೆ. ನೋಡಲು ಎರಡು ನಿಮಿಷ ಸಾಲದು.