ಎಡವಿದ ಪೇತ್ರರನ್ನು ದೇವರು ಕೈಬಿಡಲಿಲ್ಲ



ಸಂಘಗಳ ಭೇಟಿಗೆ ಬಂದಾಗ ನಾವು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ: "ಸಿಸ್ಟರ್, ಎರಡು ಕಂತು ಕಟ್ಟಿಲ್ಲ, ಯಾವ ಮುಖ ಇಟ್ಕೊಂಡು ಸಭೆಗೆ ಬರ್ಲಿ?" ಚರ್ಚಿಗೆ ಬರುವುದನ್ನು ಬಿಟ್ಟವರೂ ಹೀಗೇ ಹೇಳುತ್ತಾರೆ: "ನಾನು ಮಾಡಿದ್ದಕ್ಕೆ ದೇವರು ನನ್ನನ್ನ ಯಾವತ್ತೋ ಕೈಬಿಟ್ಟಿರ್ತಾನೆ." ಇದು ನಿಜವೇ? ಕ್ರೈಸ್ತ ವಿಶ್ವಾಸ ಏನು ಹೇಳುತ್ತದೆ ಎಂದು ತಿಳಿಯಲು ಸಂತ ಪೇತ್ರರ ಜೀವನವನ್ನು ನೋಡೋಣ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ಸದಸ್ಯೆಯರೂ ಇದ್ದೀರಿ. ಈ ಕಥೆ ಎಲ್ಲರಿಗೂ ಅರ್ಥವಾಗುವಂಥದ್ದು.

ಆ ರಾತ್ರಿ ನಡೆದದ್ದು

ಪೇತ್ರರು ಗಲಿಲೇಯ ಸರೋವರದ ಮೀನುಗಾರರು, ಸಂಸಾರಸ್ಥರು. ಯೇಸುಸ್ವಾಮಿಯ ಹನ್ನೆರಡು ಪ್ರೇಷಿತರಲ್ಲಿ ಮುಂದಾಳು. ಕಡೆಯ ಭೋಜನದ ರಾತ್ರಿ, ಸೆರೆಮನೆಗೂ ಸಾವಿಗೂ ಜೊತೆಯಲ್ಲಿ ಬರುತ್ತೇನೆಂದು ಮಾತು ಕೊಟ್ಟರು. ಕೆಲವೇ ಗಂಟೆಗಳಲ್ಲಿ ಯೇಸುವಿನ ಬಂಧನವಾಯಿತು. ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರರು ಬೆಂಕಿ ಕಾಯಿಸುತ್ತಿದ್ದಾಗ ಒಬ್ಬ ಕೆಲಸದ ಹೆಣ್ಣುಮಗಳು ಅವರನ್ನು ಗುರುತಿಸಿದಳು. ಆಕೆಯ ಒಂದು ಮಾತಿಗೇ ಹೆದರಿ, ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ ಎಂದುಬಿಟ್ಟರು. ಹೀಗೆ ಮೂರು ಸಲ ಆಯಿತು. ಕೋಳಿ ಕೂಗಿತು. ಪೇತ್ರರು ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತರು.

ಸಂತ ಲೂಕರ ಶುಭಸಂದೇಶದಲ್ಲಿ ಒಂದು ಮುಖ್ಯ ವಿಷಯವಿದೆ. ಪೇತ್ರರು ಹೀಗೆ ಮಾಡುತ್ತಾರೆಂದು ಯೇಸುವಿಗೆ ಮೊದಲೇ ಗೊತ್ತಿತ್ತು. ಅವರ ವಿಶ್ವಾಸ ಕುಂದದಿರಲಿ ಎಂದು ಮೊದಲೇ ಪ್ರಾರ್ಥಿಸಿಯೂ ಇದ್ದರು. ಅಂದರೆ ತಪ್ಪು ಆಗುವ ಮುಂಚೆಯೇ ಪ್ರೀತಿ ಅಲ್ಲಿ ಇತ್ತು.

ದಡದಲ್ಲಿ ಊಟ

ಪುನರುತ್ಥಾನವಾದ ಮೇಲೆ ಒಂದು ಮುಂಜಾನೆ ಯೇಸು ಸರೋವರದ ದಡದಲ್ಲಿ ಕೆಂಡ ಮಾಡಿ, ಮೀನು ರೊಟ್ಟಿ ಇಟ್ಟುಕೊಂಡು ಕಾದಿದ್ದರು. ರಾತ್ರಿಯೆಲ್ಲಾ ದುಡಿದು ದಣಿದಿದ್ದ ಶಿಷ್ಯರನ್ನು ಮೊದಲು ಊಟಕ್ಕೆ ಕರೆದರು. ಯಾಕೆ ಹಾಗೆ ಮಾಡಿದೆ ಎಂದು ಪೇತ್ರರನ್ನು ಎಲ್ಲರ ಮುಂದೆ ಕಟಕಟೆಗೆ ನಿಲ್ಲಿಸಲಿಲ್ಲ. ಊಟವಾದ ಮೇಲೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಮೂರನೆಯ ಸಲ ಪೇತ್ರರಿಗೆ ನೋವಾಯಿತು. ಪ್ರತಿ ಉತ್ತರಕ್ಕೂ ತಮ್ಮ ಮಂದೆಯನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನೇ ಕೊಟ್ಟರು.

ಆಮೇಲೆ ಪೇತ್ರರು ಪರಿಪೂರ್ಣರಾದರೇ? ಇಲ್ಲ. ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ, ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಪಂಕ್ತಿಯಲ್ಲಿ ಊಟ ಮಾಡುವುದನ್ನು ನಿಲ್ಲಿಸಿದರು. ಸಂತ ಪೌಲರು ಎದುರಿಗೇ ತಪ್ಪು ತೋರಿಸಿದರು. ಆದರೂ ಧರ್ಮಸಭೆ ಇಂದಿಗೂ ಜೂನ್ 29ರಂದು ಈ ಇಬ್ಬರ ಹಬ್ಬವನ್ನು ಒಟ್ಟಿಗೇ ಆಚರಿಸುತ್ತದೆ.

ನಾವು ತಿಳಿಯಬೇಕಾದದ್ದು

1. ದೇವರ ಪ್ರೀತಿ ನಮ್ಮ ಒಳ್ಳೆಯತನಕ್ಕೆ ಸಿಗುವ ಕೂಲಿಯಲ್ಲ. ತಾಯಿ ಮಗುವಿನ ಅಂಕಪಟ್ಟಿ ನೋಡಿ ಅನ್ನ ಬಡಿಸುತ್ತಾಳೆಯೇ?

2. ಪ್ರೀತಿ ಎಂದರೆ ಲೆಕ್ಕ ಮನ್ನಾ ಅಲ್ಲ. ಪಾಪನಿವೇದನೆಯಲ್ಲಿ ಪಶ್ಚಾತ್ತಾಪ ಬೇಕು, ತಪ್ಪೊಪ್ಪಿಗೆ ಬೇಕು, ಪ್ರಾಯಶ್ಚಿತ್ತ ಬೇಕು. ಕದ್ದದ್ದನ್ನು ಹಿಂದಿರುಗಿಸಲೇಬೇಕು. ಸಂಘದಲ್ಲಿಯೂ ಹಾಗೆಯೇ. ಕಂತು ತಪ್ಪಿದವರು ಸಭೆಗೆ ಬಂದು ಕಷ್ಟ ಹೇಳಿಕೊಳ್ಳಲಿ. ಎಲ್ಲರೂ ಕೂತು ಹೊಸ ಕಂತು ನಿಗದಿ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಸಾಲ ಉಳಿಯುತ್ತದೆ, ಸದಸ್ಯೆಯೂ ಉಳಿಯುತ್ತಾಳೆ.

3. ಕ್ಷಮೆ ಎಂದರೆ ಹೊಡೆತ ತಿನ್ನುತ್ತಾ ಕೂರುವುದಲ್ಲ. "ದೇವರೇ ಕ್ಷಮಿಸ್ತಾನೆ, ನೀನೂ ಸಹಿಸ್ಕೋ" ಎಂದು ಯಾವ ಹೆಣ್ಣುಮಗಳಿಗೂ ಹೇಳಬೇಡಿ. ಯೇಸು ಪೇತ್ರರನ್ನು ಬದಲಾಗಲು ಕರೆದರೇ ಹೊರತು ತಪ್ಪನ್ನು ಮುಂದುವರಿಸಲು ಬಿಡಲಿಲ್ಲ. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.

ಮುಂದಿನ ಸಭೆಯಲ್ಲಿ ಚರ್ಚಿಸಿ

ನಮ್ಮ ಸಂಘದಲ್ಲಿ ನಾಚಿಕೆಯಿಂದ ದೂರ ಉಳಿದವರು ಯಾರು? ಅವರ ಮನೆಗೆ ಯಾರು ಹೋಗುತ್ತೀರಿ, ಯಾವ ದಿನ? ಹೋದಾಗ ಮೊದಲು ಸಾಲದ ಮಾತು ತೆಗೆಯಬೇಡಿ. ಕೂತು ಒಂದು ಲೋಟ ಕಾಫಿ ಕುಡಿಯಿರಿ, ಹೇಗಿದ್ದೀಯಮ್ಮ ಎಂದು ಕೇಳಿ. ಲೆಕ್ಕದ ಮಾತು ಆಮೇಲೆ ಆಡಬಹುದು.

ದೇವರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಹರಸಲಿ.